ಹಳೆಯ ಲೇತನ್ನು ಕೊಳ್ಳುವ ಬಗೆ

ಗೃಹಸ್ಥರ ವಿರಾಮಕಾಲದ ಹವ್ಯಾಸಗಳು ಬಗೆಬಗೆಯಾಗಿರುವುವು. ಒಬ್ಬರಿಗೆ ಹೂದೋಟ, ಒಬ್ಬರಿಗೆ ಸಂಗೀತ, ಇನ್ನೊಬ್ಬರಿಗೆ ಚದುರಂಗ. ಇವರ ಸಾಲಿನಲ್ಲಿ ಲೋಹದ ಕೆಲಸದಲ್ಲಿ ಮನಸ್ಸಿಟ್ಟವರೂ ಕೆಲವರುಂಟು. ಕೆಟ್ಟ ಗಡಿಯಾರವನ್ನು ಬಿಚ್ಚಿ ನೋಡದೆ ಇರಲಾರದವರು, ಬಾವಿಯ ಪಂಪಿನ ಬುಷ್ ಸವೆದರೆ ಅಂಗಡಿಗೆ ಓಡದೆ ತಾವೇ ಮಾಡಿ ಹಾಕಬೇಕೆನ್ನುವವರು, ಮಕ್ಕಳಿಗೆ ಪುಟ್ಟ ಉಗಿಯಂತ್ರವೊಂದನ್ನು ಕೈಯಾರೆ ಕಟ್ಟಿ ತೋರಿಸಬೇಕೆಂಬ ಆಸೆಯುಳ್ಳವರು, ಎಲ್ಲರೂ ಈ ಪಂಗಡಕ್ಕೆ ಸೇರಿದವರೇ. ಅರ, ಗರಗಸ, ಬೈರಿಗೆಗಳಿಂದ ಆರಂಭವಾದ ಇವರ ಸಂಗ್ರಹವು ಇಂದಲ್ಲ ನಾಳೆ ಲೇತಿನ ಬಾಗಿಲಿಗೆ ಬಂದು ನಿಲ್ಲುವುದು.

ಚನ್ನಪಟ್ಟಣದ ಬೊಂಬೆಗಾರರು ಮರವನ್ನು ತಿರುಗಿಸುತ್ತ, ಕೈಯುಳಿಯನ್ನು ಹಿಡಿದು ದುಂಡಗೆ ಕಡೆಯುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಲೋಹವನ್ನು ಕಡೆಯುವ ಲೇತಿನ ತತ್ತ್ವವೂ ಅದೇ. ಭೇದವೇನೆಂದರೆ, ಇಲ್ಲಿ ಉಳಿಯನ್ನು ಹಿಡಿಯುವುದು ಮನುಷ್ಯನ ಕೈಯಲ್ಲ. ತಿರುಪಿನ ಹಿಡಿಯಿಂದ ಮುಂದೆ ಹಿಂದೆ ಸರಿಯುವ ಗಟ್ಟಿಯಾದ ಜಾರುಪೀಠವೊಂದು ಅದನ್ನು ಹಿಡಿದಿರುವುದು. ೧೮೦೦ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್‌ಸ್ಲೇ ಎಂಬ ಯಂತ್ರಶಿಲ್ಪಿಯು ಈ ಜಾರುಪೀಠವನ್ನೂ ನಿಖರವಾದ ಉದ್ದ ತಿರುಪನ್ನೂ ಹಲ್ಲುಚಕ್ರಗಳನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದನು. ಮರೆಯನ್ನು ಬೇಕಾದ ಅಳತೆಯಲ್ಲಿ ಮತ್ತೆ ಮತ್ತೆ ಒಂದೇ ಸಮನಾಗಿ ಕೊಯ್ಯುವುದು ಅದರಿಂದ ಸುಲಭಸಾಧ್ಯವಾಯಿತು. ಇಂದಿನ ಲೇತುಗಳೆಲ್ಲವೂ ಆ ಯಂತ್ರದ ವಂಶದವೇ.

ಹೊಸ ಲೇತಿನ ಬೆಲೆಯನ್ನು ಕೇಳಿದ ಗೃಹಸ್ಥನು ಸಹಜವಾಗಿ ಹಳೆಯದರ ಕಡೆಗೆ ತಿರುಗುವನು. ಇದರಲ್ಲಿ ತಪ್ಪೇನೂ ಇಲ್ಲ. ಬೀಡುಕಬ್ಬಿಣದ ಒಳ್ಳೆಯ ಯಂತ್ರಕ್ಕೆ ಐವತ್ತು ವರ್ಷವೆಂದರೆ ಮುಪ್ಪಲ್ಲ. ಆದರೆ ಈ ವ್ಯಾಪಾರದಲ್ಲಿ ಎಡವಿದರೆ ಪೆಟ್ಟು ಬಲವಾಗಿಯೇ ಬೀಳುವುದು. ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ಸುರಿದು ತಂದ ಯಂತ್ರವು ಮೂಲೆಯಲ್ಲಿ ಕುಳಿತುಬಿಟ್ಟರೆ ಅದನ್ನು ಎತ್ತಿ ಹೊರಗಿಡಲು ಮತ್ತೆ ಆರು ಆಳು ಬೇಕು; ಮಾರಹೊರಟರೆ ಗುಜರಿಯವನು ತೂಕದ ಮೇಲೆ ಬೆಲೆ ಕಟ್ಟುವನು. ಇದಕ್ಕಿಂತ ದೊಡ್ಡ ನಷ್ಟವೊಂದುಂಟು. ನುರಿತ ಕೆಲಸಗಾರನು ಸವೆದ ಯಂತ್ರದಲ್ಲಿಯೂ ಅದರ ದೋಷವನ್ನರಿತು ಒಳ್ಳೆಯ ಕೆಲಸವನ್ನೇ ತೆಗೆಯಬಲ್ಲನು. ಹೊಸಬನಿಗಾದರೋ ಕಡೆದ ವಸ್ತು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣವಾದರೆ ತಪ್ಪು ಯಂತ್ರದ್ದೋ ತನ್ನ ಕೈಯದೋ ತಿಳಿಯುವುದಿಲ್ಲ. ಅವನು ತನ್ನ ಕೈಯನ್ನೇ ಶಪಿಸಿಕೊಂಡು ವಿದ್ಯೆಯನ್ನೇ ಬಿಟ್ಟುಬಿಡುವನು. ಕಲಿಯುವವನಿಗೆ ಕೆಟ್ಟ ಉಪಕರಣವೇ ಸಾಕೆಂದು ಹೇಳುವವರ ಮಾತನ್ನು ನಾವು ಸರ್ವಥಾ ಒಪ್ಪುವುದಿಲ್ಲ.

ಮೊದಲು ಗಾತ್ರವನ್ನು ಕುರಿತು ವಿಚಾರಿಸೋಣ. ಇಲ್ಲಿ ಹೊಸಬರನ್ನು ದಿಕ್ಕುಗೆಡಿಸುವುದು ಅಳತೆಯ ಪರಿಭಾಷೆ. ನಮ್ಮ ದೇಶದ ವ್ಯಾಪಾರಿಗಳು ‘ನಾಲ್ಕೂವರೆ ಅಡಿಯ ಲೇತು’, ‘ಆರಡಿಯ ಲೇತು’ ಎಂದು ಬೆಡ್ಡಿನ, ಎಂದರೆ ಕೆಳಗಿನ ಉದ್ದ ಹಾಸಿನ, ಅಳತೆಯನ್ನು ಹೇಳುವರು. ಹೆಡ್‌ಸ್ಟಾಕೂ ಟೇಲ್‌ಸ್ಟಾಕೂ ಆ ಹಾಸಿನ ಮೇಲೆಯೇ ಕುಳಿತುಕೊಳ್ಳಬೇಕಾದುದರಿಂದ ಆರಡಿಯ ಲೇತಿನಲ್ಲಿ ಎರಡು ಸೆಂಟರುಗಳ ನಡುವೆ ಹಿಡಿಸುವ ವಸ್ತುವಿನ ಉದ್ದ ಸುಮಾರು ಮೂರಡಿ ಮಾತ್ರ. ಇಂಗ್ಲೆಂಡಿನವರು ಹಾಸಿನಿಂದ ಸೆಂಟರಿನವರೆಗಿನ ಎತ್ತರವನ್ನು ಹೇಳಿದರೆ, ಅಮೆರಿಕದವರು ಅದರ ಇಮ್ಮಡಿಯನ್ನು, ಎಂದರೆ ತಿರುಗಬಲ್ಲ ಅತಿ ದೊಡ್ಡ ವಸ್ತುವಿನ ವ್ಯಾಸವನ್ನು, ಹೇಳುವರು. ಆದುದರಿಂದ ಒಬ್ಬರ ಮೂರೂವರೆ ಅಂಗುಲದ ಲೇತೂ ಮತ್ತೊಬ್ಬರ ಏಳಂಗುಲದ ಲೇತೂ ಗಾತ್ರದಲ್ಲಿ ಒಂದೇ. ಬೆಲೆಯ ಮಾತಿಗೆ ಮೊದಲು ಅಳತೆಯ ಪಟ್ಟಿಯನ್ನು ಹಿಡಿದು ಸೆಂಟರಿನ ಎತ್ತರ, ಸೆಂಟರುಗಳ ನಡುವಣ ಅಂತರ, ಸ್ಪಿಂಡಲಿನ ರಂಧ್ರದ ವ್ಯಾಸ, ಈ ಮೂರನ್ನೂ ತಾವೇ ಅಳೆದು ಬರೆದುಕೊಳ್ಳತಕ್ಕದ್ದು. ರಂಧ್ರವು ದೊಡ್ಡದಾದಷ್ಟೂ ಉದ್ದ ಸರಳನ್ನು ತುಂಡರಿಸದೆಯೇ ಅದರೊಳಗೆ ತೂರಿಸಿ ಕೆಲಸಮಾಡಬಹುದು. ಇದರ ಬೆಲೆ ಕೊಂಡ ತಿಂಗಳೊಳಗೆ ತಿಳಿದುಬರುವುದು.

ಇಂಗ್ಲೆಂಡಿನಲ್ಲಿ ಮನೆಯ ಕಾರ್ಖಾನೆಯೆಂಬುದು ಬಹುಕಾಲದ ಸಂಪ್ರದಾಯ. ಅಲ್ಲಿ ಈ ಹವ್ಯಾಸಿಗಳಿಗಾಗಿಯೇ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆ ೧೮೯೮ರಲ್ಲಿಯೇ ಹುಟ್ಟಿತು. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಬೀಸ್ಟನ್ನಿನ ಮೈಫರ್ಡ್ ಕಂಪೆನಿಯವರು ಹೊರಡಿಸಿದ ‘ಎಂ.ಎಲ್. ೭’ ಎಂಬ ಮೂರೂವರೆ ಅಂಗುಲದ ಪುಟ್ಟ ಲೇತು ಅಲ್ಲಿಯ ಮನೆಮನೆಯ ಮಾತಾಯಿತು. ನಮ್ಮಲ್ಲಿ ಅಂಥ ಮನೆಲೇತುಗಳು ಅಪರೂಪ. ಹಳೆಯ ಯಂತ್ರವೆಂದರೆ ಬಹುಮಟ್ಟಿಗೆ ಕಾರ್ಖಾನೆಯಿಂದ ನಿವೃತ್ತವಾದುದೇ. ಕನ್ನಡ ನಾಡಿಗೆ ಈ ವಿಷಯದಲ್ಲಿ ಹೆಮ್ಮೆಪಡತಕ್ಕ ಚರಿತ್ರೆಯುಂಟು. ಬೆಳಗಾವಿಯಲ್ಲಿ ಬೈಸಿಕಲ್ಲಿನ ಅಂಗಡಿಯಿಂದ ಉದ್ಯಮವನ್ನಾರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪೆನಿಯನ್ನು ಸ್ಥಾಪಿಸಿದರು. ಅಲ್ಲಿಂದ ಹೊರಟ ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಲೇತುಗಳು ದೇಶದಲ್ಲೆಲ್ಲ ಹರಡಿದುವು. ಕಾರ್ಖಾನೆ ಮುಚ್ಚಿಹೋದ ಮೇಲೆಯೂ ಅವು ಎಷ್ಟೋ ವರ್ಕ್‌ಷಾಪುಗಳಲ್ಲಿ ದುಡಿಯುತ್ತಿವೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವಿನಿಂದ ೧೯೫೩ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮಷಿನ್ ಟೂಲ್ಸ್ ಕಾರ್ಖಾನೆಯೂ ಲೇತಿನಿಂದಲೇ ತನ್ನ ಕೆಲಸವನ್ನು ಮೊದಲುಮಾಡಿತು. ಇವೆರಡು ಹೆಸರಿನ ಯಂತ್ರಗಳ ಉಕ್ಕೂ ಕಟ್ಟಡವೂ ಶ್ರೇಷ್ಠವಾದುವು. ಆದರೆ ಇವುಗಳಲ್ಲಿ ದೊಡ್ಡವು ಟನ್ನುಗಟ್ಟಲೆ ತೂಗುವುವು. ಮೋಟಾರು ಮೂರು ಫೇಸಿನದು. ಹೆಸರಿನ ಮೋಹಕ್ಕೆ ಸಿಲುಕಿ ಅಂಥದನ್ನು ಮನೆಗೆ ತರುವುದೆಂದರೆ ಹಿತ್ತಿಲಿನಲ್ಲಿ ಆನೆ ಕಟ್ಟಿದಂತೆ.

ರಾಜಕೋಟೆ, ಲುಧಿಯಾನಾ, ಬಟಾಲಾ ಊರುಗಳಲ್ಲಿ ಸಣ್ಣ ಕಾರ್ಖಾನೆಗಳು ಮಾಡಿ ಕಳಿಸಿದ ಬೆಲ್ಟಿನ ಲೇತುಗಳು ನಾಲ್ಕೂವರೆ ಅಡಿಯಿಂದ ಮೇಲಕ್ಕೆ ಎಲ್ಲ ಗಾತ್ರದಲ್ಲಿಯೂ ದೊರೆಯುವುವು, ಬೆಲೆಯೂ ಕಡಮೆ. ಇವುಗಳ ಗುಣವು ಒಂದರಿಂದೊಂದಕ್ಕೆ ಬೇರೆಯಾಗಿರುವುದರಿಂದ ಹೆಸರನ್ನು ನೋಡದೆ ಆ ಒಂದು ಯಂತ್ರವನ್ನೇ ಪರೀಕ್ಷಿಸಬೇಕು. ಎಲ್ಲ ಚಕ್ರಗಳಿಂದಲೇ ನಡೆಯುವ ಹೆಡ್‌ಸ್ಟಾಕಿಗಿಂತ ಮೆಟ್ಟಿಲುಗಾಲಿಯ ಬೆಲ್ಟಿನದು ಹೊಸಬರಿಗೆ ಮೇಲೆಂಬುದು ನಮ್ಮ ಅಭಿಪ್ರಾಯ. ಉಳಿಯು ಕಚ್ಚಿಕೊಂಡು ವಸ್ತು ತಡೆದು ನಿಂತಾಗ ಬೆಲ್ಟು ಜಾರಿ ಸುಮ್ಮನಾಗುವುದು, ಹಲ್ಲುಚಕ್ರವಾದರೆ ಮುರಿಯುವುದು. ಇನ್ನು ಚೀನದಿಂದ ಬರುವ, ಏಳಂಗುಲ ವ್ಯಾಸವನ್ನು ಕಡೆಯಬಲ್ಲ ಮೇಜಿನ ಲೇತುಗಳುಂಟು. ಇಬ್ಬರು ಎತ್ತಿ ಇಡಬಹುದಾದಷ್ಟು ಹಗುರ, ಮನೆಯ ವಿದ್ಯುತ್ತಿಗೇ ನಡೆಯುವುವು. ಮಹಡಿಯ ಮೇಲೆ ವಾಸಿಸುವವರಿಗೆ ಇದೇ ಗತಿ. ಸ್ಥಳವಿದ್ದವರು ಮಾತ್ರ ತೂಕದ ಯಂತ್ರವನ್ನೇ ಆರಿಸಿಕೊಳ್ಳಲಿ, ಏಕೆಂದರೆ ತೂಕವೇ ಅದುರನ್ನು ನುಂಗುವುದು.

ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗಿನಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ವಿಚಾರಿಸಿದರೆ ಹಳೆಯ ಯಂತ್ರಗಳ ಸುಳಿವು ಸಿಕ್ಕುವುದು. ವ್ಯಾಪಾರಿಯ ಗೋದಾಮಿಗಿಂತ, ಕೆಲಸ ನಿಲ್ಲಿಸುತ್ತಿರುವ ವರ್ಕ್‌ಷಾಪಿನ ಮಾಲಿಕನಲ್ಲಿ ಕೊಳ್ಳುವುದು ಮೇಲು. ಅಲ್ಲಿ ಯಂತ್ರವು ಇನ್ನೂ ನೆಲದ ಮೇಲೆ ನಿಂತು ಓಡುತ್ತಿರುವುದು. ಅದರ ಚಕ್ಕು, ಚಕ್ರ, ಕೀಲಿಗಳೆಲ್ಲ ಗೋಡೆಯಲ್ಲಿಯೇ ತೂಗುತ್ತಿರುವುವು. ಅದನ್ನು ನಡೆಸಿದ ಟರ್ನರನೂ ಪಕ್ಕದಲ್ಲಿಯೇ ಇರುವನು. ಆತನನ್ನು ಒಂದು ಲೋಟ ಚಹಕ್ಕೆ ಕರೆದರೆ ಮಾಲಿಕನು ಹೇಳದ ಮಾತುಗಳೂ ಹೊರಬೀಳುವುವು. ತಮಗೆ ಪರಿಚಯದ ಐ.ಟಿ.ಐ. ಓದಿದ ಟರ್ನರನಿದ್ದರೆ ಒಂದು ದಿನದ ಕೂಲಿ ಕೊಟ್ಟಾದರೂ ಜೊತೆಗೆ ಕರೆದೊಯ್ಯುವುದು ಲೇಸು.

ನೋಡಲು ಹೋಗುವಾಗ ಕೈಯಲ್ಲಿರಬೇಕಾದುವು ಇಷ್ಟು: ಕಾಂತಪೀಠದ ಡಯಲ್ ಗೇಜು, ಮೈಕ್ರೊಮೀಟರು, ಒಂದು ಬ್ಯಾಟರಿ ದೀಪ, ಇಪ್ಪತ್ತೈದು ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ಸರಳಿನ ತುಂಡು, ಸಾಣೆ ಹಿಡಿದ ಉಳಿಯೊಂದು, ಮತ್ತು ಮೊಳದುದ್ದದ ಮರದ ಕೋಲು. ಹೊಸ ಬಣ್ಣಕ್ಕೆ ಮರುಳಾಗಬಾರದು. ಹಳೆಯ ಎಣ್ಣೆಯ ಜಿಡ್ಡು ಮೆತ್ತಿದ ಯಂತ್ರವು ಹೊಸ ಹಸಿರು ಬಣ್ಣ ಬಳಿದುದಕ್ಕಿಂತ ಎಷ್ಟೋ ನಂಬಿಕೆಗೆ ಅರ್ಹ. ಮೇಲುಮೇಲಿನ ತುಕ್ಕು ಸೀಮೆಎಣ್ಣೆಗೆ ಹೋಗುವುದು, ಸವೆತವು ಯಾವ ಎಣ್ಣೆಗೂ ಹೋಗದು.

ಸವೆತವನ್ನು ಮೊದಲು ಹಾಸಿನಲ್ಲಿ ಹುಡುಕಬೇಕು. ಕೆಲಸವೆಲ್ಲ ಚಕ್ಕಿನ ಹತ್ತಿರವೇ ನಡೆಯುವುದರಿಂದ ಹಾಸು ಅಲ್ಲಿಯೇ ಹೆಚ್ಚು ತೇಯುವುದು. ಟೇಲ್‌ಸ್ಟಾಕಿನ ತುದಿಯು ಹೊಸದರಂತೆಯೇ ಉಳಿದಿರುವುದು. ಸ್ಯಾಡಲ್ಲನ್ನು ಚಕ್ಕಿನ ಬಳಿಗೆ ತಂದು, ಅದನ್ನು ಹಾಸಿಗೆ ಬಿಗಿಹಿಡಿಯುವ ಪಟ್ಟಿಗಳ ತಿರುಪುಗಳನ್ನು ತುಸು ಬಿಗಿಯಾಗಿ ಓಡುವಷ್ಟು ತಿರುಗಿಸಿ, ಬಳಿಕ ಹಿಡಿಚಕ್ರದಿಂದ ಮತ್ತೊಂದು ತುದಿಗೆ ನಡೆಸಬೇಕು. ಇಡೀ ದಾರಿ ಒಂದೇ ಬಿಗಿಯಿದ್ದರೆ ಸಂತೋಷ. ಅರ್ಧದಾರಿಯಲ್ಲಿ ಕಚ್ಚಿ ನಿಂತರೆ, ಚಕ್ಕಿನ ಬಳಿ ಹಾಸು ತಗ್ಗಿಹೋಗಿದೆಯೆಂದು ಅರ್ಥ. ಹಾಸಿನ ಅಂಚಿಗೆ ಉಗುರನ್ನು ಅಡ್ಡವಾಗಿ ಎಳೆದರೆ ಸವೆದ ಕಡೆ ಮೆಟ್ಟಿಲು ತಗಲುವುದು. ಸ್ವಲ್ಪ ಸವೆತವು ಸಹ್ಯವೇ. ಆದರೆ ಹಾಸನ್ನು ಮತ್ತೆ ಅರೆದು ಸರಿಪಡಿಸುವ ಖರ್ಚು ಯಂತ್ರದ ಬೆಲೆಯನ್ನೇ ಮೀರಬಹುದಾದುದರಿಂದ ಎದ್ದುಕಾಣುವ ಮೆಟ್ಟಿಲಿದ್ದಲ್ಲಿ ಅಲ್ಲಿಂದಲೇ ನಮಸ್ಕಾರ ಹೇಳಿ ಹಿಂದಿರುಗತಕ್ಕದ್ದು.

ಎರಡನೆಯ ಮರ್ಮಸ್ಥಾನ ಸ್ಪಿಂಡಲು. ಚಕ್ಕನ್ನು ಕಳಚಿಸಿ, ಡಯಲ್ ಗೇಜಿನ ಮೊನೆಯನ್ನು ಸ್ಪಿಂಡಲಿನ ಮೂತಿಗೆ ತಾಗಿಸಿ ಕೈಯಿಂದ ಮೆಲ್ಲನೆ ತಿರುಗಿಸಿದರೆ ಮುಳ್ಳು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ಕದಲಬಾರದು. ಅನಂತರ ಚಕ್ಕನ್ನು ಮತ್ತೆ ಹಾಕಿಸಿ, ಮರದ ಕೋಲನ್ನು ಅದರ ಕೆಳಗೆ ತೂರಿಸಿ ಮೇಲಕ್ಕೆ ಮೀಟಿ ನೋಡಬೇಕು. ಸ್ಪಿಂಡಲು ಎದ್ದು ಬಿದ್ದರೆ ಬೇರಿಂಗು ಸಡಿಲವಾಗಿರುವುದು. ಹಳೆಯ ಬೆಲ್ಟಿನ ಲೇತುಗಳಲ್ಲಿರುವ ಗನ್‌ಮೆಟಲ್ ಬುಷ್‌ಗಳನ್ನು ಬಿಗಿಮಾಡುವ ಉಪಾಯ ಸಾಮಾನ್ಯವಾಗಿ ಇದ್ದೇ ಇರುವುದು, ಬೆದರಬೇಕಾಗಿಲ್ಲ. ಆದರೆ ಅರ್ಧ ಗಂಟೆ ಓಡಿಸಿದ ಮೇಲೆ ಹೆಡ್‌ಸ್ಟಾಕನ್ನು ಅಂಗೈಯಿಂದ ಮುಟ್ಟಿ ನೋಡಿರಿ. ಬೆಚ್ಚಗಿರುವುದು ಸಹಜ; ಕೈ ಇಡಲಾಗದಷ್ಟು ಸುಡುತ್ತಿದ್ದರೆ, ದೋಷವನ್ನು ಮರೆಸಲು ಮಾರುವವನು ಅತಿಯಾಗಿ ಬಿಗಿಮಾಡಿರುವನು.

ಜಾರುಪೀಠದ ಹಿಡಿಯನ್ನು ಹಿಂದೆ ತಿರುಗಿಸಿದಾಗ ಸ್ವಲ್ಪ ದೂರ ಅದು ಸುಮ್ಮನೆ ತಿರುಗಿ ಆಮೇಲೆ ಪೀಠವನ್ನು ಎಳೆಯುವುದು. ಎಲ್ಲ ಲೇತುಗಳಲ್ಲಿಯೂ ಇದು ಇದ್ದುದೇ. ಆ ಹುಸಿ ಅರ್ಧ ಸುತ್ತಿನಷ್ಟಿದ್ದರೂ ಹೆದರಬೇಡಿರಿ, ಏಕೆಂದರೆ ಹೊಸ ಗನ್‌ಮೆಟಲ್ ನಟ್ಟನ್ನು ಮಾಡಿಸಿ ಹಾಕುವುದು ಸಣ್ಣ ಖರ್ಚಿನ ಮಾತು; ಇದನ್ನು ಎತ್ತಿ ಹಿಡಿದು ಬೆಲೆಯನ್ನು ತಗ್ಗಿಸುವುದು ಮಾತ್ರ ಕೊಳ್ಳುವವನ ಜಾಣತನ.

ಮರೆಕೊಯ್ಯುವ ಚಕ್ರಗಳನ್ನು ಒಂದೊಂದಾಗಿ ಎಣಿಸಿ ಹಲ್ಲು ನೋಡಬೇಕು. ಇವುಗಳ ಕೂಟವು ಪೂರ್ತಿಯಾಗಿಲ್ಲದ ಲೇತು ಅರ್ಧ ಲೇತು. ಇಲ್ಲಿ ಒಂದು ಸ್ವಾರಸ್ಯವುಂಟು. ಹಳೆಯ ಯಂತ್ರಗಳ ಉದ್ದ ತಿರುಪು ಅಂಗುಲದ ಲೆಕ್ಕದ್ದು. ನಮ್ಮ ದೇಶದಲ್ಲಿ ೧೯೫೬ರ ತೂಕ ಅಳತೆಗಳ ಕಾನೂನಿನ ತರುವಾಯ ಮೆಟ್ರಿಕ್ ಕ್ರಮವು ಹಂತಹಂತವಾಗಿ ಬಂದುದರಿಂದ ಇಂದು ಅಂಗಡಿಯಲ್ಲಿ ಸಿಕ್ಕುವ ಬೋಲ್ಟು ನಟ್ಟುಗಳು ಬಹುಮಟ್ಟಿಗೆ ಮಿಲಿಮೀಟರಿನವು. ಅಂಗುಲದ ತಿರುಪಿನಿಂದ ಮಿಲಿಮೀಟರಿನ ಮರೆಯನ್ನು ಕೊಯ್ಯುವುದೆಂತು? ಒಂದು ಅಂಗುಲಕ್ಕೆ ೨೫.೪ ಮಿಲಿಮೀಟರು, ಐದು ಅಂಗುಲಕ್ಕೆ ಸರಿಯಾಗಿ ೧೨೭. ಆದಕಾರಣ ೧೨೭ ಹಲ್ಲಿನ ಚಕ್ರವೊಂದನ್ನು ನಡುವೆ ಸೇರಿಸಿದರೆ ಲೆಕ್ಕವು ಕೂದಲೆಳೆಯಷ್ಟೂ ತಪ್ಪದೆ ಕೂಡಿಬರುವುದು. ೧೨೭ ಎಂಬುದು ಯಾವ ಸಣ್ಣ ಸಂಖ್ಯೆಯಿಂದಲೂ ಭಾಗವಾಗದುದರಿಂದ ಅದಕ್ಕೆ ಬದಲಾಗಿ ಪೂರ್ತಿ ನಿಖರವಾದ ಚಿಕ್ಕ ಚಕ್ರವಿಲ್ಲ. ಆ ದೊಡ್ಡ ಚಕ್ರ ಇದೆಯೇ ಎಂದು ಕೇಳಿ ನೋಡಿರಿ. ಪ್ರಶ್ನೆಯನ್ನು ಕೇಳಿದೊಡನೆಯೇ ಮಾರುವವನು ತಮ್ಮನ್ನು ನೋಡುವ ರೀತಿಯೂ ಬದಲಾಗುವುದು.

ಬ್ಯಾಕ್ ಗೇರು, ಎಂದರೆ ವೇಗವನ್ನು ತಗ್ಗಿಸುವ ಚಕ್ರದ ಜೋಡಿ, ಇರಲೇಬೇಕು. ಇಪ್ಪತ್ತೈದು ಮಿಲಿಮೀಟರಿನ ಮೆದು ಉಕ್ಕಿಗೆ ಹೈಸ್ಪೀಡ್ ಉಕ್ಕಿನ ಉಳಿಯಾದರೆ ನಿಮಿಷಕ್ಕೆ ಸುಮಾರು ೩೫೦ ಸುತ್ತು ಸಾಕು; ಆದರೆ ನೂರೈವತ್ತು ಮಿಲಿಮೀಟರಿನ ಬೀಡುಕಬ್ಬಿಣದ ಗಾಲಿಯನ್ನು ಕಡೆಯಬೇಕಾದಾಗ ೪೦ಕ್ಕೆ ಇಳಿಯಬೇಕಾಗುವುದು. ಮರೆಕೊಯ್ಯುವಾಗಲೂ ಹೊಸಬನ ಕೈಗೆ ನಿಧಾನವೇ ಹಿತ. ಬ್ಯಾಕ್ ಗೇರಿನಲ್ಲಿ ಮುರಿದ ಹಲ್ಲುಗಳು ಬಹಳ ಸಾಮಾನ್ಯ, ದೀಪ ಹಿಡಿದು ನೋಡತಕ್ಕದ್ದು.

ಇಷ್ಟಾದ ಮೇಲೆ ತಂದ ಸರಳನ್ನು ಚಕ್ಕಿನಲ್ಲಿ ಬಿಗಿದು ಕಡೆದು ತೋರಿಸೆಂದು ಕೇಳಬೇಕು. ಎಲ್ಲ ವೇಗಗಳಲ್ಲಿಯೂ ಓಡಿಸಬೇಕು, ಕಿವಿಗೊಟ್ಟು ಕೇಳಬೇಕು. ‘ಕರೆಂಟಿಲ್ಲ’, ‘ಬೆಲ್ಟಿಲ್ಲ’ ಎಂಬ ನೆವ ಬಂದರೆ ಕರೆಂಟಿದ್ದ ದಿನ ಮತ್ತೆ ಹೋದರಾಯಿತು. ಓಡದ ಯಂತ್ರಕ್ಕೆ ಓಡುವ ಬೆಲೆಯನ್ನು ಕೊಡುವ ನಿರ್ಬಂಧ ಯಾರಿಗೂ ಇಲ್ಲ.

ಇನ್ನು ವಿದ್ಯುತ್ತಿನ ಮಾತು. ನಮ್ಮ ಮನೆಗಳಲ್ಲಿ ಅನೇಕವಕ್ಕೆ ಬರುವುದು ೨೩೦ ವೋಲ್ಟಿನ ಒಂದು ಫೇಸು; ಕಾರ್ಖಾನೆಯ ಮೋಟಾರಿಗೆ ಬೇಕಾದುದು ಮೂರು. ಇದಕ್ಕೆ ಎರಡು ಪರಿಹಾರಗಳುಂಟು. ಮೋಟಾರನ್ನು ತೆಗೆದು ಒಂದು ಅಥವಾ ಒಂದೂವರೆ ಅಶ್ವಶಕ್ತಿಯ ಒಂದು ಫೇಸಿನ ಮೋಟಾರನ್ನು ಕೂಡಿಸುವುದು ಒಂದು. ಬೆಲ್ಟಿನ ಲೇತಿನಲ್ಲಿ ಇದು ಬಹು ಸುಲಭ. ಒಂದು ಫೇಸನ್ನು ಮೂರಾಗಿ ಮಾಡಿಕೊಡುವ ವಿ.ಎಫ್.ಡಿ. ಎಂಬ ಪೆಟ್ಟಿಗೆಯನ್ನು ಕೂಡಿಸುವುದು ಮತ್ತೊಂದು. ಅದರಿಂದ ವೇಗವನ್ನು ಗುಂಡಿ ತಿರುಗಿಸಿ ಹೆಚ್ಚು ಕಡಮೆ ಮಾಡುವ ಸೌಕರ್ಯವೂ ದೊರೆಯುವುದು. ಆದರೆ ಅದು ಹೊರಗೆಡಹುವುದು ಮನೆಯ ವೋಲ್ಟಿನ ಅಳತೆಯ ಮೂರು ಫೇಸನ್ನೇ. ಮೋಟಾರಿನ ಸುರುಳಿಗಳನ್ನು ಆ ವೋಲ್ಟಿಗೆ ಜೋಡಿಸಲು ಬರುವುದೋ ಇಲ್ಲವೋ ಎಂಬುದನ್ನು ಬಲ್ಲ ಎಲೆಕ್ಟ್ರಿಷಿಯನ್ನನಿಂದ ಮೊದಲೇ ತಿಳಿಯಬೇಕು. ಅರ್ತಿಂಗಿನ ತಂತಿಯ ವಿಷಯದಲ್ಲಿ ಯಾವ ಉಳಿತಾಯವೂ ಸಲ್ಲದು.

ಹಣದ ಹಂಚಿಕೆಯಲ್ಲಿ ಹೊಸಬರು ಮರೆಯುವುದು ಪರಿಕರಗಳನ್ನು. ಮೂರು ದವಡೆಯ ಚಕ್ಕು, ನಾಲ್ಕು ದವಡೆಯ ಚಕ್ಕು, ಟೇಲ್‌ಸ್ಟಾಕಿನ ಡ್ರಿಲ್ ಚಕ್ಕು, ತಿರುಗುವ ಸೆಂಟರು, ಉಳಿಗಳು, ಅವಕ್ಕೆ ಸಾಣೆಯಂತ್ರ, ವರ್ನಿಯರ್, ಮೈಕ್ರೊಮೀಟರು, ಇವನ್ನೆಲ್ಲ ಬೇರೆಬೇರೆಯಾಗಿ ಕೊಂಡರೆ ಬರಿಯ ಲೇತಿನ ಬೆಲೆಗೆ ಸಮವಾಗಬಹುದು. ಕೈಯಲ್ಲಿ ಹತ್ತು ರೂಪಾಯಿಯಿದ್ದರೆ ಲೇತಿಗೆ ಆರನ್ನು ಮಾತ್ರ ಕೊಟ್ಟು ನಾಲ್ಕನ್ನು ಉಳಿಸಿಕೊಳ್ಳುವುದು ನಮ್ಮ ಸಲಹೆ. ಪರಿಕರಗಳ ಸಮೇತ ಬರುವ ಯಂತ್ರವು ತುಸು ದುಬಾರಿಯೆನಿಸಿದರೂ ಕೊನೆಗೆ ಅದೇ ಅಗ್ಗ. ಒಂದೇ ಚಕ್ಕಿಗೆ ಹಣವಿದ್ದಲ್ಲಿ ನಾಲ್ಕು ದವಡೆಯದನ್ನೇ ಕೊಳ್ಳಿರಿ. ವಸ್ತುವನ್ನು ನಡುವಿಗೆ ಹೊಂದಿಸಲು ಮೊದಮೊದಲು ಕಾಲು ಗಂಟೆ ಹಿಡಿಯುವುದು ನಿಜ. ಆದರೆ ಚೌಕವೋ ದುಂಡೋ ಸೊಟ್ಟವೋ ಎಲ್ಲವನ್ನೂ ಅದು ಹಿಡಿಯುವುದು, ಮತ್ತು ಹಳೆಯ ಮೂರು ದವಡೆಯ ಚಕ್ಕಿನಂತೆ ಸವೆದು ಸುಳ್ಳು ಹೇಳುವುದಿಲ್ಲ.

ಗೃಹಿಣಿಯರು ಈ ಲೇಖನವನ್ನು ಇಲ್ಲಿಯವರೆಗೆ ಓದಿದ್ದರೆ, ಅವರ ಮನಸ್ಸಿನಲ್ಲಿರುವ ಪ್ರಶ್ನೆಯು ಹಣದ್ದಲ್ಲ, ಅಪಾಯದ್ದೆಂದು ನಾವು ಬಲ್ಲೆವು. ಆ ಭಯವು ನ್ಯಾಯವಾದುದೇ. ಲೇತು ಕೊಯ್ಯುವುದಕ್ಕಿಂತ ಹೆಚ್ಚಾಗಿ ಸುತ್ತಿಕೊಳ್ಳುವುದು. ಪಂಚೆಯ ಅಂಚು, ಸೆರಗು, ಜಡೆ, ಅಂಗಿಯ ತೋಳು, ಉಂಗುರ, ಕಡಗ, ಕೊನೆಗೆ ಕೈಗವಸು ಕೂಡ ತಿರುಗುವ ಚಕ್ಕಿಗೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುವುದು. ಆದುದರಿಂದ ಕೈಗವಸನ್ನು ತೊಟ್ಟು ಲೇತಿನ ಬಳಿ ನಿಲ್ಲಕೂಡದು. ಚಕ್ಕಿನ ಕೀಲಿಯನ್ನು ಅದರಲ್ಲಿಯೇ ಬಿಟ್ಟು ಯಂತ್ರವನ್ನು ನಡೆಸಿದರೆ ಅದು ಕವಣೆಕಲ್ಲಿನಂತೆ ಹಾರುವುದು. ಕೈಬಿಡುವ ಮೊದಲೇ ಕೀಲಿಯನ್ನು ತೆಗೆಯುವುದು ಉಸಿರಾಟದಂತೆ ಅಭ್ಯಾಸವಾಗಬೇಕು. ಕನ್ನಡಕವಿಲ್ಲದೆ ಸ್ವಿಚ್ಚನ್ನು ಮುಟ್ಟಬಾರದು. ಕಬ್ಬಿಣದ ಸುರುಳಿಯು ಕ್ಷೌರದ ಕತ್ತಿಯಂತಿರುವುದು. ಅದನ್ನು ಯಂತ್ರ ನಿಂತ ಮೇಲೆ ಕೊಕ್ಕೆಯಿಂದ ಎಳೆಯಬೇಕು, ಬೆರಳಿನಿಂದಲ್ಲ. ಮಕ್ಕಳಿರುವ ಮನೆಯಲ್ಲಿ ಕೋಣೆಗೆ ಬೀಗವೂ ಮೋಟಾರಿಗೆ ಬೀಗದ ಸ್ವಿಚ್ಚೂ ಎರಡೂ ಇರತಕ್ಕದ್ದು. ಚಕ್ಕಿನ ಹಿಂಬದಿಯ ಗಾಲಿ ಬೆಲ್ಟುಗಳ ಮೇಲಿನ ಮುಚ್ಚಳವು ಕಳೆದುಹೋಗಿದ್ದರೆ, ಮೊದಲ ದಿನದ ಕೆಲಸವು ತಗಡಿನ ಮುಚ್ಚಳವನ್ನು ಮಾಡಿಸುವುದೇ ಆಗಿರಲಿ.

ಸಾಗಿಸುವಾಗ ಚೈನ್ ಪುಲ್ಲಿಯುಳ್ಳ ಅನುಭವಸ್ಥರನ್ನೇ ಕರೆಯಿರಿ. ಲೇತಿನ ಭಾರವು ಹೆಡ್‌ಸ್ಟಾಕಿನ ಕಡೆಗೂ ಮೇಲ್ಭಾಗಕ್ಕೂ ಹೆಚ್ಚಾಗಿರುವುದರಿಂದ ಅದು ಕಣ್ಣುಮಿಟುಕಿಸುವಷ್ಟರಲ್ಲಿ ಮಗುಚುವುದು. ಹಗ್ಗವನ್ನು ಹಾಸಿಗೆ ಕಟ್ಟಬೇಕು. ಉದ್ದ ತಿರುಪಿಗಾಗಲಿ ಸ್ಪಿಂಡಲಿಗಾಗಲಿ ಕಟ್ಟಿ ಎತ್ತಿದರೆ ಅವು ಬಾಗಿಹೋಗುವುವು. ನೆಲಕ್ಕಿಳಿದ ಮೇಲೆ ಕೆಳಗೆ ನೀರಿನ ಕೊಳವೆಯ ತುಂಡುಗಳನ್ನಿಟ್ಟು ಉರುಳಿಸಿಕೊಂಡು ಹೋಗಬಹುದು.

ಗಟ್ಟಿಯಾದ ಕಾಂಕ್ರೀಟು ನೆಲದ ಮೇಲೆ ನಿಲ್ಲಿಸಿ, ಹಾಸಿನ ಮೇಲೆ ಎರಡು ತುದಿಗಳಲ್ಲಿಯೂ ಅಡ್ಡವಾಗಿ ಮಟ್ಟಗೋಲನ್ನಿಟ್ಟು, ಕಾಲುಗಳ ಕೆಳಗೆ ತಗಡಿನ ಚೂರುಗಳನ್ನು ತೂರಿಸಿ ಸಮಮಾಡಬೇಕು. ಬಳಿಕ ದಪ್ಪನೆಯ ಸರಳೊಂದನ್ನು ಚಕ್ಕಿನಲ್ಲಿ ಮಾತ್ರ ಹಿಡಿದು, ಟೇಲ್‌ಸ್ಟಾಕಿನ ಆಸರೆಯಿಲ್ಲದೆ, ಸುಮಾರು ನೂರೈವತ್ತು ಮಿಲಿಮೀಟರಿನ ಅಂತರದಲ್ಲಿ ಎರಡು ಬಳೆಗಳಷ್ಟು ಭಾಗವನ್ನು ಉಳಿಸಿ ನಡುವಣದನ್ನು ತಗ್ಗಿಸಿ, ಎರಡು ಬಳೆಗಳನ್ನೂ ಉಳಿಯನ್ನು ಕದಲಿಸದೆ ಒಂದೇ ಓಟದಲ್ಲಿ ತೆಳ್ಳಗೆ ಕಡೆಯಿರಿ. ಮೈಕ್ರೊಮೀಟರಿನಲ್ಲಿ ಎರಡೂ ಒಂದೇ ಅಳತೆ ಬಂದರೆ ಕೆಲಸವನ್ನು ಮೊದಲುಮಾಡಬಹುದು. ಹೊರಗಡೆಯ ಬಳೆಯು ದಪ್ಪವಾಗಿ ಬಂದರೆ ಹಾಸು ತಿರುಚಿಕೊಂಡಿರುವುದು. ಟೇಲ್‌ಸ್ಟಾಕಿನ ಕಡೆಯ ಕಾಲಿನ ಕೆಳಗೆ, ಮುಂಬದಿಯಲ್ಲೋ ಹಿಂಬದಿಯಲ್ಲೋ ಒಂದು ತೆಳುವಾದ ತಗಡನ್ನು ಸೇರಿಸಿ ಮತ್ತೆ ಕಡೆದು ಅಳೆಯಬೇಕು. ವ್ಯತ್ಯಾಸವು ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿಗೆ ಇಳಿಯುವವರೆಗೆ ಇದನ್ನು ಮಾಡುತ್ತಿರಬೇಕು. ಒಂದು ಭಾನುವಾರವೆಲ್ಲ ಇದಕ್ಕೇ ಹಿಡಿಯುವುದು.